ಕಾಂತಾಬಾಯಿ ಬರೆದ ರಕ್ತದ ಗುಂಪು

ಖುಷ್ನುಮಾಳ ಎರಡನೆಯ ಕೂಸು ಏಳನೆಯ ತಿಂಗಳಲ್ಲಿ ಹೊಟ್ಟೆಯೊಳಗೇ ತೀರಿಕೊಂಡಿತು. ಹುಮನಾಬಾದಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಆ ಹೆರಿಗೆ ಮಾಡಿಸಿದವಳು ನರ್ಸ್ ಕಾಂತಾಬಾಯಿ. ಮೈಯೆಲ್ಲ ಬಾತುಹೋಗಿದ್ದ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅದರ ಅಪ್ಪ ಫಿರೋಜನ ಕೈಗಿಟ್ಟು, ಕಾಗದಪತ್ರ ಬರೆಯಲು ಕುಳಿತಳು.

ಡಾಕ್ಟರಮ್ಮ ರಕ್ತದ ವರದಿ ಹಿಡಿದು ಬಂದರು. "ಈಕಿದು ಓ ನೆಗೆಟಿವ್ ಅದ. ಮೊದಲನೇ ಹೆರಿಗಿ ಆದಾಗ ಇಂಜೆಕ್ಷನ್ ಕೊಟ್ಟಾರೇನು, ಹಳೇ ಕಾರ್ಡ್ ನೋಡ್ರಿ."

ನೆಗೆಟಿವ್ ರಕ್ತದ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದರೆ ಮೂರು ದಿನದೊಳಗೆ ಆ ಇಂಜೆಕ್ಷನ್ ಬೀಳಬೇಕು. ತಪ್ಪಿದರೆ ತಾಯಿಯ ರಕ್ತವೇ ಮುಂದಿನ ಕೂಸಿಗೆ ಮುಳುವಾಗಬಹುದು.

ಕಾಂತಾಬಾಯಿ ಹಳೆಯ ತಾಯಿ ಕಾರ್ಡು ಬಿಚ್ಚಿದಳು. ಖುಷ್ನುಮಾಳ ಚೊಚ್ಚಲ ಹೆರಿಗೆ ನಾಲ್ಕು ವರ್ಷದ ಹಿಂದೆ ತವರೂರು ಬಸವಕಲ್ಯಾಣದಲ್ಲಾಗಿತ್ತು. ಕಾರ್ಡಿನಲ್ಲಿ 'ಓ ಪಾಸಿಟಿವ್' ಎಂದಿತ್ತು. ಅಕ್ಷರ ತನ್ನದು. ಕೆಳಗಿನ ಸಹಿಯೂ ತನ್ನದೇ. ಆಗ ಕಾಂತಾಬಾಯಿ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದಳು. ಕಾರ್ಡಿನ ಹಿಂದೆ ಪಿನ್ನು ಹೊಡೆದಿದ್ದ ಲ್ಯಾಬಿನ ಚೀಟಿಯಲ್ಲಿ 'ನೆಗೆಟಿವ್' ಎಂದೇ ಇತ್ತು. ಕಾರ್ಡು ನಂಬಿ ಆಗ ಇಂಜೆಕ್ಷನ್ ಕೊಟ್ಟಿರಲಿಲ್ಲ. ಈ ಸಲ ತಪಾಸಣೆ ಮಾಡಿದವರು ಆ ಕಾರ್ಡು ನೋಡಿಯೇ ಹೊಸದರಲ್ಲೂ ಪಾಸಿಟಿವ್ ಎಂದು ಬರೆದಿದ್ದರು. ಕಾಂತಾಬಾಯಿ ಎಷ್ಟು ಹಣೆ ತಿಕ್ಕಿಕೊಂಡರೂ ಆ ದಿನವಾಗಲಿ, ಖುಷ್ನುಮಾಳ ಮುಖವಾಗಲಿ ನೆನಪಿಗೆ ಬರಲಿಲ್ಲ.

ವಾರ್ಡಿನಿಂದ ಖುಷ್ನುಮಾಳ ಅತ್ತೆ ಅಸ್ಗರಿಯ ದನಿ ಕೇಳುತ್ತಿತ್ತು. "ಬ್ಯಾಡ ಅಂದ್ರೂ ಚಿಟಗುಪ್ಪಕ ಶಾದಿಗೆ ಬಸ್ಸಿನ್ಯಾಗ ಹೋದ್ಲು. ಇಕಿ ಹಟಾನೇ ನನ್ನ ಮೊಮ್ಮಗನ ಜೀವ ತಗೊಂತು." ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಕಾಂತಾಬಾಯಿ ಕಾರ್ಡನ್ನು ಡಾಕ್ಟರ ಮುಂದಿಟ್ಟಳು. ಅವರು ಓದಿ, ದನಿ ತಗ್ಗಿಸಿದರು. "ಈಗ ಏನೂ ಹೇಳಬ್ಯಾಡ್ರಿ. ಮೊದಲು ವಕೀಲರನ್ನ ಕೇಳೂಣು."

"ಆ ಹುಡುಗಿ ಬೈಸ್ಕೊಳಾಕತ್ತಾಳ್ರಿ ಮೇಡಂ," ಎಂದು ಆಕೆ ಎದ್ದಳು.

ಮಂಚದ ಬಳಿ ಹೋಗಿ ಅಸ್ಗರಿಯ ಕಡೆ ತಿರುಗಿದಳು. "ಅಮ್ಮಾ, ಬಸ್ಸಿನಿಂದ ಏನೂ ಆಗಿಲ್ರಿ. ತಪ್ಪು ನಂದದ." ಚೀಟಿ, ಕಾರ್ಡು ಎರಡನ್ನೂ ತೋರಿಸಿ ನಡೆದದ್ದನ್ನೆಲ್ಲ ಹೇಳಿದಳು. ಫಿರೋಜ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ.

ಖುಷ್ನುಮಾ ಈ ಕಡೆ ಹೊರಳಿದಳು. "ಆ ಸೂಜಿ ಈಗ ಕೊಟ್ರ ನಡೀತದೇನ್ರಿ ಸಿಸ್ಟರ್?"

"ಇಲ್ಲವ್ವಾ. ನಿನ್ನ ರಕ್ತ ಆಗಲೇ ಕೂಸಿಗೆ ತಿರುಗಿಬಿದ್ದದ, ಈಗ ಅದರಿಂದ ಉಪಯೋಗ ಇಲ್ಲ. ಮುಂದ ಬಸಿರಾದ್ರ ಸುರುವಿನಿಂದ್ಲೇ ದೊಡ್ಡ ದವಾಖಾನಿಗೆ ತೋರಿಸ್ಬೇಕು. ಆಗ ಕೂಸು ಉಳಿಯೂದೂ ಅದ..."

"ನನಗ ಸಮಾಧಾನ ಹೇಳಬ್ಯಾಡ್ರಿ. ಈಗ ಹೇಳಿದ್ದು ಬರದು ಕೊಡ್ರಿ. ನಾಳೆ ಮನ್ಯಾಗ ಯಾರೂ ಬಸ್ಸಿನ ಮಾತು ತೆಗೀಬಾರದು."

ಕಾಂತಾಬಾಯಿ ಬರೆದು, ಸಹಿ ಮಾಡಿ ಕೊಟ್ಟಳು. ಖುಷ್ನುಮಾ ಅದನ್ನು ದಿಂಬಿನ ಕೆಳಗಿಟ್ಟುಕೊಂಡಳು.

ಫಿರೋಜ್ ದೂರು ಕೊಟ್ಟ. ಕಾಂತಾಬಾಯಿಯನ್ನು ಕೆಲಸದಿಂದ ತೆಗೆದರು. ವಿಚಾರಣೆಗೆ ಬಂದವರಿಗೂ ಆಕೆ ಅದೇ ಮಾತು ಹೇಳಿ, ಒಂದೇ ಒಂದು ಕೇಳಿಕೊಂಡಳು: ಬಸವಕಲ್ಯಾಣದಲ್ಲಿ ತಾನು ಬರೆದ ದಾಖಲೆಗಳನ್ನೆಲ್ಲ ಇನ್ನೊಮ್ಮೆ ನೋಡಬೇಕು. ಒಬ್ಬ ಗುಮಾಸ್ತನನ್ನು ಜೊತೆಗೆ ಕೂಡಿಸಿ, ನೋಡಲು ಬಿಟ್ಟರು. ಒಂಬತ್ತು ದಿನ ಚೀಟಿಗೆ ಚೀಟಿ ತಾಳೆ ನೋಡಿದಾಗ ಇನ್ನೊಂದು ತಪ್ಪು ಸಿಕ್ಕಿತು. ಹುಲಸೂರಿನ ಸೋನಾಲಿಯ ಚೊಚ್ಚಲ ಹೆರಿಗೆಯ ಕಾರ್ಡಿನಲ್ಲೂ ನೆಗೆಟಿವ್ ಇದ್ದದ್ದನ್ನು ಪಾಸಿಟಿವ್ ಎಂದು ಬರೆದಿದ್ದಳು.

ಸೋನಾಲಿ ಈಗ ಮತ್ತೆ ಐದು ತಿಂಗಳ ಬಸುರಿ. ಕಾಂತಾಬಾಯಿ ತಾನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದಳು. ಪುಣ್ಯಕ್ಕೆ ಸೋನಾಲಿಯ ರಕ್ತ ಇನ್ನೂ ಕೂಸಿಗೆ ತಿರುಗಿಬಿದ್ದಿರಲಿಲ್ಲ. ಬಸಿರಿನಲ್ಲೇ ಕೊಡುವ ಇಂಜೆಕ್ಷನ್ನಿಗೆ ಇನ್ನೂ ಸಮಯವಿತ್ತು. ತಪ್ಪು ಯಾರದೆಂದು ತಿಳಿದ ಮೇಲೂ ಸೋನಾಲಿಯ ಅತ್ತೆ ಮೀರಾಬಾಯಿ ಚಹಾ ತಂದಿಟ್ಟು, "ಹುಡುಕ್ಕೊಂಡು ಬಂದ್ರಲ್ಲ, ದೇವರಂಗ ಬಂದ್ರಿ," ಎಂದಳು. ಕಾಂತಾಬಾಯಿ ಚಹಾ ಮುಟ್ಟದೆ ಎದ್ದಳು.

ಬಸ್ ನಿಲ್ದಾಣದಲ್ಲಿ ನಿಂತು ಫಿರೋಜನ ನಂಬರು ತೆಗೆದಳು. ಒಂದು ಕೂಸು ಉಳಿಯುತ್ತದೆ ಎಂದು ಹೇಳಬೇಕೆನಿಸಿತ್ತು. ಕೂಸು ಕಳೆದುಕೊಂಡ ಮನೆಗೆ ಅದನ್ನು ಯಾವ ಬಾಯಿಯಿಂದ ಹೇಳುವುದು? ಫೋನನ್ನು ಚೀಲಕ್ಕೆ ಹಾಕಿ, ಬಂದ ಬಸ್ಸು ಹತ್ತಿದಳು.