ಅಳಿಯನಿಗೆ ಇನ್ನೊಂದು ಮುದ್ದೆ

ಕೆಂಪರಾಜನ ಹಾರ್ಡ್‌ವೇರ್ ಅಂಗಡಿಗೆ ಹೋದವರಿಗೆ ಮೊದಲು ಕಾಣುವುದು ಆ ಮೆಡಲ್. ಗಲ್ಲಾದ ಹಿಂದೆ, ದೇವರ ಫೋಟೋದ ಪಕ್ಕದಲ್ಲೇ ನೇತುಹಾಕಿದ್ದಾನೆ. ಮೊಳೆ ಕೊಳ್ಳಲು ಬಂದವನಿಗೂ ಅದರ ಕಥೆ ಹೇಳುತ್ತಾನೆ: ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿ, ಬೆಳಿಗ್ಗೆ ದೊಡ್ಡಬಳ್ಳಾಪುರ ಬಿಟ್ಟು ಕತ್ತಲಾಗುವ ಹೊತ್ತಿಗೆ ವಾಪಸ್. ಕೊನೆಗೆ, ಯಾರೂ ಕೇಳದಿದ್ದರೂ, "ನಮ್ ಆಂಜಿನಪ್ಪಾನೂ ಬಂದಿದ್ದ. ಪಾಪ, ಹೊಸಕೋಟೆ ದಾರೀಲಿ ಕಾಲು ಹಿಡ್ಕೊಂಬಿಡ್ತು" ಎಂದು ಸೇರಿಸುತ್ತಾನೆ.

ನನ್ನ ಕಾಲು ಹಿಡಿದುಕೊಳ್ಳಲಿಲ್ಲ. ಟಯರ್ ಪಂಚರ್ ಆಯಿತು.

ನಾವು ಮೂವರು ಜೊತೆಗಾರರು. ನನ್ನದು ಮಗ್ಗ, ಕೆಂಪರಾಜನದು ಹಾರ್ಡ್‌ವೇರ್, ಅನಿಲ್‌ಕುಮಾರನದು ಮೆಡಿಕಲ್ ಸ್ಟೋರ್. ಮೂವರಿಗೂ ಸಕ್ಕರೆ ಕಾಯಿಲೆ ಬಂದ ಮೇಲೆ ಸೈಕಲ್ ಹತ್ತಿದವರು. ಭಾರ ಕಡಿಮೆಯಾಗಲಿ ಎಂದು ಸಾಮಾನು ಹಂಚಿಕೊಳ್ಳುತ್ತಿದ್ದೆವು. ಟ್ಯೂಬು ನನ್ನ ಬಳಿ, ಪಂಪು ಕೆಂಪರಾಜನ ಬಳಿ. ಒಂದೇ ಬೀದಿಯವರು, ಒಬ್ಬರನ್ನೊಬ್ಬರು ಬಿಟ್ಟು ಹೋಗುತ್ತೇವೆಯೇ ಎಂಬ ನಂಬಿಕೆ.

ಹೋದ ವರ್ಷ ಅನಿಲ್ ಬಂದಿರಲಿಲ್ಲ. ವಿಜಯಪುರ ದಾಟಿ ಹೊಸಕೋಟೆಯ ಕಡೆ ಹೋಗುವಾಗ ನನ್ನ ಹಿಂದಿನ ಚಕ್ರ ಕುಳಿತುಬಿಟ್ಟಿತು. ಕೆಂಪರಾಜ ಕಲ್ಲೆಸೆದರೆ ಬೆನ್ನಿಗೆ ತಗಲುವಷ್ಟು ದೂರದಲ್ಲಿದ್ದ. ಕೂಗಿದೆ. ಅವನ ತಲೆ ಅರ್ಧ ತಿರುಗಿತು. ಆಮೇಲೆ ಮುಂದಕ್ಕೆ ಬಗ್ಗಿ ಇನ್ನೂ ಜೋರಾಗಿ ತುಳಿದ. ಪಂಪಿಲ್ಲದೆ ಬರೀ ಟ್ಯೂಬು ಇಟ್ಟುಕೊಂಡು ಏನು ಮಾಡುವುದು, ಕೊರಳಿಗೆ ಹಾರ ಹಾಕಿಕೊಳ್ಳುವುದೇ? ಸೈಕಲ್ ತಳ್ಳಿಕೊಂಡು ಹೊಸಕೋಟೆ ಸೇರುವ ಹೊತ್ತಿಗೆ ಸಂಘಟಕರು ಮೇಜು ಕುರ್ಚಿ ಮಡಿಸಿ ವ್ಯಾನಿಗೆ ತುಂಬುತ್ತಿದ್ದರು. ಅಲ್ಲಿ ಹಾಜರಿ ಹಾಕಿಸಿಕೊಂಡೇ ಊರಿನ ಕಡೆ ತಿರುಗಬೇಕು, ನಾಲ್ಕು ಗಂಟೆಗೆ ಅದು ಮುಗಿಯುತ್ತದೆ. ಆಮೇಲೆ ಬಂದವನಿಗೆ ಮೆಡಲ್ ಇಲ್ಲ.

ಕೇಳಿದರೆ, ಗಾಳಿ ಜೋರಿತ್ತು, ಕೂಗಿದ್ದು ಕೇಳಿಸಲೇ ಇಲ್ಲ ಎಂದ.

ಅಲ್ಲೇ ಕಪಾಳಕ್ಕೆ ಬಿಡಬಹುದಿತ್ತು. ನನ್ನ ಕೈ ಅಂಥ ನಿಧಾನದ್ದೇನಲ್ಲ. ಆದರೆ ಹೊಡೆದರೆ ಒಂದು ದಿನದ ಮಾತು. ನಾಲ್ಕು ಜನ ಸೇರಿ ರಾಜಿ ಮಾಡಿಸಿ ಟೀ ಕುಡಿಸಿ ಕಳಿಸುತ್ತಾರೆ. ನನಗೆ ಅದು ಸಾಲದು. ಈ ವರ್ಷದ ಮೆಡಲ್ ನನಗೆ ಬರಬೇಕು, ಅವನಿಗೆ ಬರಬಾರದು. ವರ್ಷವಿಡೀ ಬಾಯಿ ಮುಚ್ಚಿಕೊಂಡು ಅವನ ಜೊತೆಯಲ್ಲೇ ಸೈಕಲ್ ತುಳಿದೆ.

ಮಗ್ಗಕ್ಕೆ ರೇಷ್ಮೆ ನೂಲು ತರಲು ನಾನು ವಿಜಯಪುರದ ಕಡೆ ಹೋಗುತ್ತಿರುತ್ತೇನೆ. ಊರಾಚೆ ನೂಲು ಹುರಿ ಮಾಡುವ ಮಿಷನ್ ಇಟ್ಟುಕೊಂಡಿರುವ ಮುನಿರಾಮಯ್ಯ ಕೆಂಪರಾಜನ ಮಾವ. ಮನೆ ರಸ್ತೆಗೇ ಇದೆ, ನಾವು ಸೈಕಲ್ಲಿನಲ್ಲಿ ಹೋಗುವ ರಸ್ತೆಗೇ. ಸವಾರಿಗೆ ವಾರ ಇರುವಾಗ ನೂಲು ಕಟ್ಟಿಸಿಕೊಳ್ಳುತ್ತಾ ಮಾತು ತೆಗೆದೆ. ಬರುವ ಭಾನುವಾರ ನಿಮ್ಮ ಅಳಿಯ ಈ ದಾರಿಯಲ್ಲೇ ಬರುತ್ತಾನೆ, ಹೋದ ವರ್ಷವೂ ಊಟದ ಹೊತ್ತಿಗೆ ಇಲ್ಲೇ ಹಾದು ಹೋದ ಎಂದೆ. ಸುಳ್ಳೇನೂ ಹೇಳಲಿಲ್ಲ.

ಮುನಿರಾಮಯ್ಯ ಮೆತ್ತಗಿನ ಮನುಷ್ಯ. ಮುಖ ಸಪ್ಪಗೆ ಮಾಡಿಕೊಂಡು ನೂಲಿನ ಗಂಟು ಬಿಗಿದರು. ಯುಗಾದಿಗೆ ಕರೆದರೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎನ್ನುವ ಅಳಿಯ, ಬಾಗಿಲ ಮುಂದೆಯೇ ನೀರೂ ಕುಡಿಯದೆ ಹೋಗಿದ್ದಾನೆ. ಒಳಗೆ ಅವರ ಹೆಂಡತಿ ಮುತ್ತಮ್ಮ ಕೇರುತ್ತಿದ್ದ ಮೊರದ ಸದ್ದು ನಿಂತಿತು.

"ಈ ಸಲ ಹೆಂಗ್ ಹೋಗ್ತಾರೋ ನೋಡೇಬಿಡಾನ" ಎಂದಳು.

ಭಾನುವಾರ ಮೂವರೂ ಹೊರಟೆವು. ಈಗ ಪಂಪು ಅವರವರ ಬಳಿಯೇ. ದಾಬಸ್‌ಪೇಟೆಯವರೆಗೆ ಹೋಗಿ ತಿರುಗಿದಾಗ ಎದುರುಗಾಳಿ ಹೊಡೆಯಿತು. ಕೆಂಪರಾಜ ಎಂದಿನಂತೆ ನನ್ನ ಬೆನ್ನಿಗೆ ಅಂಟಿಕೊಂಡ. ಮುಂದಿನವನು ಗಾಳಿ ತಡೆದರೆ ಹಿಂದಿನವನಿಗೆ ಅರ್ಧ ಕೆಲಸ ಉಳಿಯುತ್ತದೆ. ಬರಲಿ ಎಂದು ದೇವನಹಳ್ಳಿ ದಾಟುವವರೆಗೂ ನಾನೇ ತಡೆದೆ. ಮಾವನ ಮನೆ ಬಾಗಿಲವರೆಗೆ ಅವನನ್ನು ಜೋಪಾನವಾಗಿ ಒಯ್ಯಬೇಕಿತ್ತು.

ವಿಜಯಪುರ ಬಿಟ್ಟ ಮೇಲೆ ನೋಡಿದರೆ, ಮುನಿರಾಮಯ್ಯ ಇಸ್ತ್ರಿ ಶರ್ಟು ಹಾಕಿಕೊಂಡು ನೀರಿನ ಚೊಂಬು ಹಿಡಿದು ರಸ್ತೆಯ ನಡುವೆಯೇ ನಿಂತಿದ್ದರು. ಕೆಂಪರಾಜ ಬ್ರೇಕ್ ಹಾಕಿದ. ಹಾಕದೆ ಏನು ಮಾಡುತ್ತಾನೆ, ಮಾವನ ಮೇಲೆ ಹತ್ತಿಸುತ್ತಾನೆಯೇ?

ಟೈಮ್ ಇಲ್ಲ ಮಾವ ಎಂದ, ಇನ್ನೊಂದು ದಿನ ಬರುತ್ತೇನೆ ಎಂದ. ಈಗ ತಾನೇ ಕೋಳಿ ಕುಯ್ದಾಗಿದೆ ಎಂದರು ಅವರು. ಅಳಿಯನ ಹೆಸರಿನಲ್ಲಿ ಕೋಳಿ ಕುಯ್ದ ಮನೆಯಿಂದ ಅಳಿಯ ಉಣ್ಣದೆ ಎದ್ದುಹೋದರೆ ಅದನ್ನು ಊರು ಮರೆಯುವುದಿಲ್ಲ. ಅದು ಅವನಿಗೂ ಗೊತ್ತು. ಅಲ್ಲದೆ ಅವನು ತೊಡೆಗೆ ಅಂಟಿಕೊಂಡ ಸೈಕಲ್ ಚಡ್ಡಿಯಲ್ಲಿದ್ದ. ಆ ವೇಷದಲ್ಲಿ ಅತ್ತೆಯ ಮನೆಯೊಳಗೆ ಹೋಗುವುದು ಹೇಗೆ? ಮುನಿರಾಮಯ್ಯ ಅದಕ್ಕೂ ಒಂದು ಪಂಚೆ ತಂದಿಟ್ಟಿದ್ದರು. ಚಡ್ಡಿಯ ಮೇಲೆ ಪಂಚೆ ಸುತ್ತಿಕೊಂಡು, ತಲೆಯ ಮೇಲೆ ಹೆಲ್ಮೆಟ್ ಹಾಗೇ ಇಟ್ಟುಕೊಂಡು ಹೊಸ್ತಿಲು ದಾಟಿದ. ನನಗೆ ಬಂದ ನಗುವನ್ನು ನುಂಗಿಕೊಂಡೆ.

ಅನಿಲ್ ನಿಲ್ಲದೆ ಮುಂದೆ ಹೋದ. ನಾನೂ ಪೆಡಲ್ ಮೇಲೆ ಕಾಲಿಟ್ಟೆ. ನನ್ನ ಲೆಕ್ಕದಲ್ಲಿ ನನ್ನ ಕೆಲಸ ಮುಗಿದಿತ್ತು.

ಕಿಟಕಿಯಿಂದ ಅವನ ಮಾತು ಕೇಳಿಸಿತು. "ಎರಡು ತುತ್ತು ತಿಂದು ಎದ್ದುಬಿಡ್ತೀನಿ ಮಾವ." ಮುನಿರಾಮಯ್ಯ ಆಯಿತು ಎನ್ನುತ್ತಿದ್ದರು. ಆ ಮನುಷ್ಯ ಯಾರಿಗೂ ಇಲ್ಲ ಎಂದವರಲ್ಲ. ಮುತ್ತಮ್ಮನೋ ಹಳೇ ಕಾಲದವಳು. ಅಳಿಯನೆದುರು ಬರುವುದಿಲ್ಲ, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲೇ ಇರುತ್ತಾಳೆ. ಅಂಥ ಮನೆಯಲ್ಲಿ ಅಳಿಯ ಸಾಕು ಎಂದರೆ ಸಾಕು. ಬೇಡ ಎಂದ ಬಾಯಿಗೆ ಬಡಿಸಬೇಕಾದರೆ ಪಕ್ಕದಲ್ಲಿ ಉಣ್ಣಲು ಕೂತವನು ಕೂಗಿ ಹೇಳಬೇಕು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡು ತುತ್ತು ತಿಂದು ಹೊರಟರೆ ಅವನು ನಾಲ್ಕರೊಳಗೆ ಹೊಸಕೋಟೆಯಲ್ಲಿರುತ್ತಾನೆ, ಮತ್ತೆ ಗಲ್ಲಾದ ಹಿಂದೆ ಎರಡು ಮೆಡಲ್. ನಾನು ಕೂತರೆ ನನಗೂ ಮೆಡಲ್ ಇಲ್ಲ. ಹೊಸಕೋಟೆ ರಸ್ತೆ ಖಾಲಿಯಾಗಿತ್ತು, ಗಾಳಿಯೂ ಬಿದ್ದಿತ್ತು, ಕಾಲಿನಲ್ಲಿ ಬೇಕಾದಷ್ಟು ಶಕ್ತಿಯಿತ್ತು. ಒಂದು ನಿಮಿಷ ಆ ರಸ್ತೆಯನ್ನೇ ನೋಡಿದೆ. ಆಮೇಲೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಕೆಂಪರಾಜನ ಪಕ್ಕ ಚಕ್ಕಳಮಕ್ಕಳ ಹಾಕಿದೆ.

ನಾಟಿ ಕೋಳಿ ಬೇಯುವವರೆಗೂ ಕಾದೆವು. ಮುದ್ದೆ ಬಂತು, ಸಾರು ಬಂತು. ಅವನು ಬಿಸಿ ಮುದ್ದೆಯನ್ನು ಊದಿ ಊದಿ ನುಂಗಿ, ಎಲೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಎಂದ.

"ಅಮ್ಮ, ಅಳಿಯಂಗೆ ಇನ್ನೊಂದು ಮುದ್ದೆ" ಎಂದೆ.

ಬಂತು. ಅವನು ನನ್ನ ಮುಖ ನೋಡಿದ. "ಲೇ, ಟೈಮ್ ನೋಡೋ."

"ಉಣ್ಣು."

ಆಗ ಬಾಗಿಲ ಮರೆಯಿಂದ ಮುತ್ತಮ್ಮ ನನ್ನನ್ನೇ ಉದ್ದೇಶಿಸಿ, "ನೀನು ಬಂದು ಹೇಳ್ದಿದ್ರೆ ಈ ಸಲಾನೂ ನಮಗೆ ಗೊತ್ತೇ ಆಗ್ತಿರ್ಲಿಲ್ಲ ಆಂಜಿನಪ್ಪ" ಎಂದಳು.

ಕೆಂಪರಾಜನ ತುತ್ತು ಬಾಯಿಯ ಹತ್ತಿರ ನಿಂತಿತು. ಮಾವ ಸಾರು ತರಲು ಒಳಗೆ ಹೋದದ್ದೇ ದನಿ ತಗ್ಗಿಸಿ, ಥೂ ನಿನ್ನ ಎಂದು ಬೈದ. ಬೈಯಲಿ. ನಾನು ಮೂಳೆ ಚೀಪಿ ಎಲೆಯ ಬದಿಗಿಟ್ಟೆ.

"ಅವತ್ತು ನಾನು ಕೂಗಿದ್ದು ಕೇಳಿಸ್ತಾ?"

ಅವನು ತಲೆ ಬಗ್ಗಿಸಿ ಮುದ್ದೆ ಮುರಿದ.

"ಅಮ್ಮ, ಇನ್ನೊಂದು..."

"ಕೇಳಿಸ್ತು ಕಣೋ" ಎಂದ. "ಕೇಳಿಸ್ತು. ನಿಂತಿದ್ರೆ ನಂದೂ ಹೋಗ್ತಿತ್ತು. ಈಗಾದ್ರೂ ಬಿಡೋ, ಇಬ್ರೂ ಜೋರಾಗಿ ತುಳಿದ್ರೆ ಸೇರ್ಕೊಬಹುದು."

"ಮೂರನೇ ಮುದ್ದೆ ಬತ್ತೈತೆ, ತಡಿ."

ಬಂತು. ಅದನ್ನೂ ಉಂಡ. ಸಾರು ಕಲಸಿದ ಅನ್ನವನ್ನೂ ಉಂಡ. ಗೋಡೆ ಗಡಿಯಾರದಲ್ಲಿ ನಾಲ್ಕು ಹೊಡೆದಾಗ ಅವನ ಹಣೆಯ ಬೆವರು ಇಳಿದು ಎಲೆಗೆ ಬಿತ್ತು.

"ನಿಂದೂ ಹೋಯ್ತಲ್ಲೋ ಬಡ್ಡಿಮಗನೇ."

"ಹೋಗ್ಲಿ."

ವರ್ಷದಿಂದ ಇಷ್ಟು ರುಚಿಯಾದ ಊಟ ನಾನು ಉಂಡಿರಲಿಲ್ಲ. ಮುತ್ತಮ್ಮ ಒಳಗಿನಿಂದ, ಮುಂದಿನ ವರ್ಷವೂ ಸವಾರಿ ಇದೇ ದಾರಿಯಲ್ಲೇನಾ ಎಂದು ಕೇಳಿದಳು. ಕೆಂಪರಾಜ ತಲೆ ಎತ್ತಿ, ಬೇಡ ಎನ್ನುವಂತೆ ನನ್ನನ್ನೇ ನೋಡಿದ.

"ಇದೇ ದಾರಿ ಕಣಮ್ಮ" ಎಂದೆ. "ಅವತ್ತೂ ಭಾನುವಾರಾನೇ."

ಅವನು ಮಾವನ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಏಳಲು ನೆಲಕ್ಕೆ ಕೈ ಊರಿದ. ಅಳಿಯನಿಗೆ ಮಜ್ಜಿಗೆ ತನ್ನಿ ಎಂದು ನಾನು ಒಳಗೆ ಕೂಗಿದೆ.