ಕರಿ ಕಂಬಳಿ ಕಂಡ ಕರಿ ಬಾವುಟಗಳು

ನಾನು ಒಂದು ಕರಿ ಕಂಬಳಿ. ಮುಟ್ಟಿದರೆ ಚುಚ್ಚುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೆತ್ತನೆಯದು ಬೇಕಾದವರು ಅಂಗಡಿಗೆ ಹೋಗಿ ರಗ್ಗು ಕೊಂಡುಕೊಳ್ಳಲಿ.

ಗೋಕಾಕದ ಕಡೆಯ ಒಂದು ಹಳ್ಳಿಯಲ್ಲಿ, ಮಾಳವ್ವ ಎಂಬ ಹುಡುಗಿಯ ತಂದೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ತನ್ನ ಕುಣಿಮಗ್ಗದಲ್ಲಿ ನನ್ನನ್ನು ನೇಯ್ದ. ನೂಲು ತೆಗೆದವಳು ಮಾಳವ್ವನೇ. ಒಂದು ಹನಿ ಬಣ್ಣ ಹಾಕಲಿಲ್ಲ, ಕುರಿಯ ಕಪ್ಪೇ ನನ್ನ ಕಪ್ಪು. ಹುಣಸೆ ಬೀಜದ ಗಂಜಿ ಬಳಿದು ಬಿಸಿಲಲ್ಲಿ ಎಳೆದು ಕಟ್ಟಿದರು. ಆಮೇಲೆ ಎಂಥ ಮಳೆ ಬಂದರೂ ನೀರು ಒಳಗಿಳಿಯಲಿಲ್ಲ.

ಮಾಳವ್ವನ ಜೊತೆ ನಾನೂ ಅವಳ ಗಂಡ ಅಮೋಗಪ್ಪನ ಮನೆಗೆ ಬಂದೆ. ಅವನೂ ಒಳ್ಳೆಯ ನೇಕಾರ. ಒಮ್ಮೆ ನನ್ನನ್ನು ಹೆಗಲಿಗೆ ಹಾಕಿಕೊಂಡು ಪೇಟೆಯ ಮದುವೆಗೆ ಹೋದಾಗ ಯಾರೋ ಒಬ್ಬರು, "ಶುಭಕಾರ್ಯಕ್ಕ ಕರೇದು ಯಾಕ ತಂದ್ಯೋ?" ಎಂದರು. ಅಮೋಗಪ್ಪ ತಲೆ ತಗ್ಗಿಸಿ ನನ್ನನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು!

ಬರಬರುತ್ತ ಕಂಬಳಿ ಕೇಳುವವರು ಕಡಿಮೆಯಾದರು. ಅಮೋಗಪ್ಪ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. "ಈ ಕರೇ ಕುರಿ ಎಲ್ಲಾ ಮಾರಿ ಕೆಂದ ಕುರಿ ತರ್ತೇನಿ. ಅವು ಮಾಂಸಾನರ ತೂಗತಾವ" ಎಂದ. ಮಾಳವ್ವ ತವರಿನಿಂದ ತಂದ ಎರಡು ಮರಿಗಳಿಂದ ಬೆಳೆಸಿದ ನಲವತ್ತು ಕುರಿಗಳ ಹಿಂಡು ಅದು. ಎರಡು ದಿನ ಅವಳು ಅನ್ನ ಮುಟ್ಟಲಿಲ್ಲ.

ಅದೇ ಹೊತ್ತಿಗೆ ಬೆಳಗಾವಿಯ ಒಂದು ಸಂಸ್ಥೆಯಿಂದ ಪ್ರಮೀಳಾ ಎಂಬವಳು ಬಂದಳು. ನ್ಯೂಜಿಲೆಂಡಿನ ಉಣ್ಣೆ ಮೇಳದಲ್ಲಿ ನೂಲಿ ತೋರಿಸಲು ಮಾಳವ್ವ ಬೇಕಾಗಿದ್ದಳು. "ನಮ್ಮ ಸಂಸ್ಥೇದ ಬಣ್ಣಾ ಹಾಕಿದ ಶಾಲು ಅಷ್ಟೇ ತಗೋರಿ. ಕರೇದು ಅಲ್ಲಿ ಯಾರೂ ಮುಟ್ಟೂದಿಲ್ಲ" ಎಂದಳು ಪ್ರಮೀಳಾ. ಅಮೋಗಪ್ಪ, "ಹೋಗಿ ಬಾ. ನೀ ಬರೂತನಕ ಕುರಿ ಮಾರೂದಿಲ್ಲ, ಬಂದ ದಿನಾನ ಮಾರ್ತೇನಿ" ಎಂದ. ಮಾಳವ್ವ ಶಾಲುಗಳ ಕೆಳಗೆ ನನ್ನನ್ನು ಮಡಿಸಿಟ್ಟಳು.

ಆ ದೇಶದ ವಿಮಾನ ನಿಲ್ದಾಣದಲ್ಲಿ ನನ್ನನ್ನು ಬಿಚ್ಚಿ, ಕೊಡವಿ, ಮೂಸಿ ನೋಡಿದರು. ಹೊರಗಿನ ಬೀಜ ತಮ್ಮ ನೆಲಕ್ಕೆ ಬೀಳಬಾರದೆಂದು, ನನ್ನೊಳಗೆ ಸಿಕ್ಕಿಕೊಂಡಿದ್ದ ನಮ್ಮೂರ ಒಂದು ಮುಳ್ಳನ್ನು ಚಿಮುಟದಿಂದ ಕಿತ್ತು ಡಬ್ಬಿಗೆ ಹಾಕಿದರು. ಅಬ್ಬಾ, ಏನು ಮರ್ಯಾದೆ ಆ ಮುಳ್ಳಿಗೆ!

ಬಸ್ಸು ಮೇಳ ನಡೆಯುವ ಊರೊಳಗೆ ಹೊಕ್ಕಿತು. ಕಿಟಕಿ ಕಿಟಕಿಗೂ ಕರಿ ಬಾವುಟ. ಬೀದಿ ತುಂಬ ಕರಿ ಅಂಗಿಯ ಜನ, ಎಲ್ಲರದೂ ಕೂಗಾಟ. ನಮ್ಮ ಕಡೆ ಮಂತ್ರಿ ಬಂದರೆ ಕಪ್ಪು ಬಾವುಟ ತೋರಿಸಿ ವಾಪಸು ಹೋಗೆಂದು ಕೂಗುವುದನ್ನು ಅವಳು ಎಷ್ಟು ಸಲ ನೋಡಿಲ್ಲ! "ಪ್ರಮೀಳಾ, ನಾವ್ ಬಂದಿದ್ದು ಇವರಿಗೆ ಸೇರಿಲ್ಲ ನೋಡವಾ. ಇಳೀಬ್ಯಾಡ, ಕಲ್ಲು ಒಗದಾರು!" ಎಂದು ನಾನಿದ್ದ ಚೀಲವನ್ನು ಎದೆಗೆ ಅವಚಿಕೊಂಡಳು.

ನಮ್ಮನ್ನು ಕರೆದೊಯ್ಯಲು ಬಸ್ಸಿನ ಬಳಿ ಬಂದಿದ್ದ ಮೊಯ್ರಾ ಎಂಬ ಮುದುಕಿ ಕುರಿ ಸಾಕುವವಳು. ಅವಳದೂ ಕರಿ ಅಂಗಿಯೇ. ಪ್ರಮೀಳಾ ವಿಷಯ ತಿಳಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದು ಅವರ ದೇಶದ ರಗ್ಬಿ ಪಂದ್ಯವಂತೆ. ಕಪ್ಪು ಅವರ ದೇಶದ ಬಣ್ಣವಂತೆ.

"ಕರೇದು ಇವರಿಗೆ ಅಪಶಕುನ ಅಲ್ಲೇನ?" ಎಂದಳು ಮಾಳವ್ವ.

ಮೊಯ್ರಾ ಹೇಳಿದ್ದನ್ನು ಪ್ರಮೀಳಾ ಕನ್ನಡದಲ್ಲಿ ಹೇಳಿದಳು: "ಇಲ್ಲೂ ಕರೇ ಮರಿ ಹುಟ್ಟಿದ್ರ ಮೂಗು ಮುರೀತಿದ್ರಂತ, ಉಣ್ಣೀಗೆ ಬಣ್ಣ ಹತ್ತೂದಿಲ್ಲಂತ. ಆದ್ರ ದೇಶಕ್ಕಾಗಿ ಆಡಾಕ ನಿಂತಾಗ ಮೈಮ್ಯಾಲೆ ಅದೇ ಬಣ್ಣ. ಯಾಕಂತ ಹತ್ತು ಮಂದೀನ ಕೇಳಿದ್ರ ಹತ್ತು ಉತ್ತರ ಬರತಾವಂತ. ಈಕಿ ಉತ್ತರ ಏನಂದ್ರ, ಅದರ ಮ್ಯಾಲೆ ಬ್ಯಾರೆಯವರಿಗೆ ತಮ್ಮ ಬಣ್ಣ ಬಳಿಯಾಕ ಆಗೂದಿಲ್ಲ, ಅದಕ್ಕ."

ಮರುದಿನ ಮೇಳದಲ್ಲಿ ಮಾಳವ್ವ ಶಾಲುಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ತುಂಬ ನನ್ನನ್ನು ಹರಡಿದಳು. ಪ್ರಮೀಳಾ ಹಣೆ ಚಚ್ಚಿಕೊಂಡಳು. ಜನ ಬಂದರು, ಮುಟ್ಟಿದರು, ಚುಚ್ಚಿತೆಂದು ಕೈ ತೆಗೆದು ನಕ್ಕು ಮತ್ತೆ ಮುಟ್ಟಿದರು. ಯಾವ ಬಣ್ಣ ಹಾಕಿದಿರಿ ಎಂದು ಕೇಳಿದರು. "ಬಣ್ಣಾ ಅಲ್ರಿ, ಕುರೀನ ಹಂಗ ಐತಿ" ಎಂದು ಅವಳು ನೂರು ಸಲ ಹೇಳಿರಬೇಕು. ಮೊಯ್ರಾ ನನ್ನನ್ನೇ ಕೊಡೆಂದಳು. "ಇದನ್ನ ಕೊಡೂದಿಲ್ಲ. ಇಂಥವು ಹತ್ತು ನೇದು ಕಳಸ್ತೇನಿ" ಎಂದಳು ಮಾಳವ್ವ.

ನಾನು ಹೌಹಾರಿದೆ. ನಮ್ಮಲ್ಲಿ ಹೆಂಗಸರು ನೂಲುತ್ತಾರೆ, ನೇಯುವುದು ಗಂಡಸರು. ಇವಳು ಒಂದು ದಿನವೂ ಮಗ್ಗದ ಕುಣಿಗೆ ಇಳಿದವಳಲ್ಲ.

ಊರಿಗೆ ಬಂದರೆ ಅಂಗಳದಲ್ಲಿ ದಲ್ಲಾಳಿಯ ಲಾರಿ! ಅಮೋಗಪ್ಪ ಹಗ್ಗ ಹಿಡಿದು ನಿಂತಿದ್ದ. ಮಾಳವ್ವ ನೀರು ಸಹ ಕುಡಿಯಲಿಲ್ಲ. ನೇರ ಹೋಗಿ ಕುರಿದೊಡ್ಡಿಯ ಬಾಗಿಲಿಗೆ ಅಡ್ಡಲಾಗಿ ನನ್ನನ್ನು ಹಾಸಿದಳು. ನಮ್ಮ ಕುರುಬರಲ್ಲಿ ಹಾಸಿದ ಕರಿ ಕಂಬಳಿಯೆಂದರೆ ದೇವರ ಗದ್ದುಗೆ. ಅದನ್ನು ತುಳಿದು ದಾಟುವ ಗಂಡಸು ಇನ್ನೂ ಹುಟ್ಟಿಲ್ಲ.

"ಹತ್ತು ಕರೇ ಕಂಬಳಿ ಕಳಸ್ತೇನಂತ ಮಾತು ಕೊಟ್ಟು ಬಂದೇನಿ. ಕುರಿ ಬೇಕಂದ್ರ ಇದನ್ನ ದಾಟಿ ಒಯ್ರಿ" ಎಂದಳು.

"ಹುಚ್ಚು ಹಿಡದೈತೇನ ನಿನಗ? ನಾ ಅಂತೂ ಮಗ್ಗ ಬಿಟ್ಟೇನಿ, ನೇಯಾಕ ಯಾರದಾರ?" ಎಂದ ಅಮೋಗಪ್ಪ.

"ನಾ ನೇಯ್ತೇನಿ."

"ಹೆಂಗಸರು ಕುಣಿಗೆ ಇಳೀತಾರೇನ?"

"ನಾ ಇಳೀತೇನಿ. ಅಲ್ಲಿ ಒಂದು ದೇಶಕ್ಕ ದೇಶಾನ ನಮ್ಮ ಕುರಿ ಬಣ್ಣಾ ತೊಟ್ಟು ಎದಿ ಉಬ್ಬಿಸಿ ನಿಲ್ತೈತಿ. ನಾವ್ಯಾಕ ತಲಿ ತಗ್ಗಸೂದು?"

ಅಮೋಗಪ್ಪ ನನ್ನನ್ನೇ ನೋಡುತ್ತ ನಿಂತ. ಒಂದು ಕಾಲು ಎತ್ತಿದ, ಮತ್ತೆ ಹಿಂದಕ್ಕಿಟ್ಟ. ದಲ್ಲಾಳಿ ಗೊಣಗುತ್ತ ಖಾಲಿ ಲಾರಿ ಹತ್ತಿದ.

ಮಾಳವ್ವ ಮಗ್ಗ ಇಳಿಸಿದಳು. ಮೊದಲ ಕಂಬಳಿ ಅಷ್ಟಾವಕ್ರ, ನನಗೇ ನಾಚಿಕೆಯಾಯಿತು. ಎಂಟು ದಿನ ಮೂಲೆಯಲ್ಲಿ ಕೂತು ನೋಡಿದ ಅಮೋಗಪ್ಪ ಒಂಬತ್ತನೆಯ ದಿನ ತಡೆಯಲಾರದೆ, "ಸರಿ ಅತ್ತಾಗ, ಎಳಿ ಹರೀತಿ" ಎಂದ. "ಬಾಜೂಕ ಕುಂತು ಹೇಳಿಕೊಡ್ರಿ, ಕುಣಿಯಾಗ ನಾನ ಇರ್ತೇನಿ" ಎಂದಳು. ಅವನು ಹಾಗೆಯೇ ಹೇಳಿಕೊಟ್ಟ. ಹತ್ತು ಕಂಬಳಿಗಳು ಸಮುದ್ರ ದಾಟಿ ಹೋದವು.

ಈಗ ನನಗೆ ವಯಸ್ಸಾಗಿದೆ, ನುಸಿ ತಿಂದು ತೂತು ಬಿದ್ದಿದೆ. ದೊಡ್ಡಿಯ ಒಂದು ಮೂಲೆಯಲ್ಲಿ, ಈಯುವ ಕುರಿಗಳ ಪಕ್ಕದಲ್ಲಿ ನನ್ನ ವಾಸ. ಇವತ್ತು ಬೆಳಿಗ್ಗೆ ಒಂದು ಮರಿ ಹುಟ್ಟಿತು. ಅಮೋಗಪ್ಪ ನನ್ನ ಅಂಚಿನಿಂದಲೇ ಅದರ ಮೈ ಒರೆಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಗ್ಗದ ಕಡೆಗೆ ತಿರುಗಿ ಗಂಟಲು ಹರಿಯುವಂತೆ ಕೂಗಿದ: "ಏ ಮಾಳವ್ವಾ, ಕರೇದ ಐತಿ! ಕರ್ರಗ ಐತಿ, ಬಾ ನೋಡ!"

ಇಷ್ಟು ವರ್ಷಗಳಲ್ಲಿ ಅವನ ಬಾಯಲ್ಲಿ ನನ್ನ ಬಣ್ಣದ ಹೆಸರು ಹೀಗೆ ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು.