ಕರೆದರೆ ಬರುತ್ತಿದ್ದವರು

ಕೆಸಿಯಾಳ ಗಂಡ ಮೆಲ್ಕಿಯಾಸ್ ದಡದ ಗಂಡಸರ ಮನೆಯಲ್ಲಿ ಮಲಗತೊಡಗಿ ನಾಲ್ಕು ಅಮಾವಾಸ್ಯೆ ಕಳೆದಿದ್ದವು. ಮುನಿದು ಹೋದವನಲ್ಲ. ಶಾರ್ಕನ್ನು ಕರೆಯುವವನ ವ್ರತವೇ ಹಾಗೆ. ಹೆಂಡತಿಯ ಹಾಸಿಗೆ ಬಿಡಬೇಕು, ಅವಳ ಕೈಯಡುಗೆ ಬಿಡಬೇಕು, ಯಾರ ಮೇಲೂ ದನಿ ಎತ್ತಬಾರದು. ಅವನ ದೋಣಿಯನ್ನು, ಕುಣಿಕೆಯನ್ನು, ಬೆತ್ತದ ಬಳೆಗೆ ತೆಂಗಿನ ಚಿಪ್ಪು ಪೋಣಿಸಿದ ಗಿಲಕಿಯನ್ನು ಹೆಣ್ಣು ಮುಟ್ಟಬಾರದು. ಹವಳದ ದಿಬ್ಬದಲ್ಲಿ ಒಂದು ಕಂಡಿ ಇತ್ತು. ಅವನು ಕರೆಯುವ ಜಾಗ. ಆ ನೀರಿಗೆ ಹೆಣ್ಣು ಇಳಿಯಬಾರದು. ಇಷ್ಟು ನಡೆಸಿಕೊಂಡವನು ಗಿಲಕಿಯನ್ನು ನೀರಲ್ಲಿ ಅಲ್ಲಾಡಿಸಿ ಬಾ ಎಂದರೆ ಶಾರ್ಕ್ ಬರುತ್ತದೆ. ಲೋಕ ಸೃಷ್ಟಿಸಿದ ಮೊರೋವಾ ಹಿರಿಯರಿಗೆ ಕೊಟ್ಟ ಮಾತು ಅದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಊರೇ ಆದರೂ ಆ ಮಾತನ್ನು ಯಾರೂ ಕೈಬಿಟ್ಟಿರಲಿಲ್ಲ.

ಹಿಂದೆಲ್ಲ ಎಂಟು ಹತ್ತು ದಿನದೊಳಗೆ ಸಮುದ್ರದ ಕಡೆಯಿಂದ ಶಾರ್ಕ್ ಸಿಕ್ಕಿತೆಂಬ ಶಂಖ ಕೇಳುತ್ತಿತ್ತು. ಮಾಂಸ ಊರಿಗೆಲ್ಲ ಹಂಚಿಕೆಯಾಗುತ್ತಿತ್ತು, ಗಂಡ ಮನೆಗೆ ಬರುತ್ತಿದ್ದ. ಈ ಸಲ ಶಂಖವೂ ಇಲ್ಲ, ಗಂಡನೂ ಇಲ್ಲ. ಖಾಲಿ ಬಂದಾಗಲೆಲ್ಲ ಅವನು ಒಂದೊಂದು ಹೊಸ ಕಟ್ಟು ಹಾಕಿಕೊಳ್ಳುತ್ತಿದ್ದ. ಮೊದಲು ಹಂದಿಮಾಂಸ ಬಿಟ್ಟ, ಆಮೇಲೆ ಅಡಿಕೆ ಬಿಟ್ಟ, ಕೊನೆಗೆ ಅವಳು ಹೋಗುವ ದಾರಿಯ ಕಡೆ ನೋಡುವುದನ್ನೂ ಬಿಟ್ಟ.

ಶಾರ್ಕ್ ಬರಲಿಲ್ಲವೆಂದರೆ ತಪ್ಪು ಶಾರ್ಕಿನದಾಗಲು ಸಾಧ್ಯವಿಲ್ಲ. ಕರೆದವನ ಮನೆಯದೇ. ಊರಿಗೆ ಅದರಲ್ಲಿ ಅನುಮಾನವಿರಲಿಲ್ಲ.

"ಏನೇ ಕೆಸಿಯಾ, ನಿನ್ನೆಯೂ ಬರಿಗೈಯಂತೆ?" ತೊರೆಯಲ್ಲಿ ಪಾತ್ರೆ ತೊಳೆಯುತ್ತಾ ಗಂಡನ ಅಕ್ಕ ದೊರ್ಕಾಸ್ ಕೇಳಿದಳು. "ಭಾರ ಇಲ್ಲದೆ ದೋಣಿ ಹಾರಿಹೋದೀತು, ಬುಡದಲ್ಲಿ ಎರಡು ಕಲ್ಲು ಇಡೋಕೆ ಹೇಳು ನನ್ನ ತಮ್ಮಂಗೆ."

ಉಳಿದ ಹೆಂಗಸರು ಕಿಸಕ್ಕೆಂದರು.

"ನನ್ನೇನು ಕೇಳ್ತೀರಿ ಅತ್ತಿಗೆ? ಸಮುದ್ರಾನ ಕೇಳಿ."

"ಕೇಳೋದೇನು ಬಂತು? ಅದಕ್ಕೆ ಮೂಗಿದೆ ಕಣೇ. ಬೆಟ್ಟದ ಕೆಸುವಿನ ವಾಸನೆ ಅಷ್ಟು ದೂರದಿಂದಲೇ ಹಿಡಿಯುತ್ತೆ."

ಕೆಸಿಯಾ ಲೆಲೆಟ್ ಬೆಟ್ಟದವಳು. ಅಲ್ಲಿ ಮಂಜು ಇದೆ, ಕೆಸುವಿನ ಹೊಲವಿದೆ, ಸಮುದ್ರವಿಲ್ಲ. ಸಮುದ್ರಕ್ಕೆ ಹಲ್ಲಿದೆ ಮಗಳೇ ಎಂದೇ ತಾಯಿ ಅವಳನ್ನು ಕಳಿಸಿಕೊಟ್ಟಿದ್ದಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಅವಳು ಮೊಣಕಾಲಿನ ಮೇಲೆ ಉಪ್ಪುನೀರು ಸೋಕಿಸಿಕೊಂಡಿರಲಿಲ್ಲ. ಹೊಸದರಲ್ಲಿ ಮೆಲ್ಕಿಯಾಸ್ ನಕ್ಕು ಹೇಳಿದ್ದ: "ಶಾರ್ಕ್ ಅಂದ್ರೆ ಅತ್ತೆ ಇದ್ದ ಹಾಗೆ ಕಣೇ. ಹೆದರಿ ಒದ್ದಾಡಿದ್ರೆ ಹತ್ತಿರ ಬರ್ತಾಳೆ, ಮರ್ಯಾದೆಯಾಗಿ ನಿಂತ್ರೆ ನೋಡ್ಕೊಂಡು ಹೋಗ್ತಾಳೆ. ಹೆದರಬೇಡ ಅನ್ನಲ್ಲ ನಾನು. ಚರ್ಚಿನೊಳಗೆ ಹೆದರ್ತೀಯಲ್ಲ, ಹಾಗೆ ಹೆದರು."

ಶಾರ್ಕುಗಳು ಎಲ್ಲಿ ಹೋದವು ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು. ಸಂಜೆಯಾದರೆ ದಿಗಂತದಲ್ಲಿ ಪರದೇಶದ ಹಡಗುಗಳು ದೀಪ ಹಚ್ಚಿಕೊಂಡು ನಿಲ್ಲುತ್ತಿದ್ದವು. ಒಂದು ಬೆಳಿಗ್ಗೆ ದಡಕ್ಕೆ ಶಾರ್ಕೊಂದು ಬಂದು ಬಿದ್ದಿತ್ತು. ಬೆನ್ನಿನ ರೆಕ್ಕೆಯಿಲ್ಲ, ಪಕ್ಕದ ರೆಕ್ಕೆಗಳಿಲ್ಲ, ಬಾಲವಿಲ್ಲ. ಕಿವಿರು ಮಾತ್ರ ಇನ್ನೂ ಮೆಲ್ಲಗೆ ಆಡುತ್ತಿತ್ತು. ಅಷ್ಟು ಹತ್ತಿರದಿಂದ ಶಾರ್ಕಿನ ಕಣ್ಣನ್ನು ಅವಳು ನೋಡಿದ್ದು ಅದೇ ಮೊದಲು. ಊರಲ್ಲೂ ಬೆನ್ಸನ್ ಎಂಬ ಹುಡುಗಾಟದ ಗಂಡಸೊಬ್ಬ ಕವಿಯೆಂಗ್ ಪೇಟೆಯ ರೆಕ್ಕೆ ವ್ಯಾಪಾರಿಗೆ ಮಾತು ಕೊಟ್ಟು ಗಾಳದ ಸರಪಳಿ ತಂದಿಟ್ಟುಕೊಂಡಿದ್ದ.

ಅದನ್ನೆಲ್ಲ ಹಿರಿಯ ಟೋಲಿಂಗ್ ಅಜ್ಜನ ಮುಂದೆ ಹೇಳಿದಾಗ ಅವನು ತಲೆಯಾಡಿಸಿದ. "ಅವು ಬೇರೆಯವರ ಶಾರ್ಕು, ಮಗಾ. ನಮ್ಮವು ಕರೆದರೆ ಬರೋವು. ಬರಲಿಲ್ಲ ಅಂದ್ರೆ ಯಾರೋ ಎಲ್ಲೋ ಎಡವಿದ್ದಾರೆ." ಕೆಟ್ಟವನಲ್ಲದ ಆ ಮುದುಕ ನೆಲ ನೋಡುತ್ತಾ ಅಂದ: "ಇನ್ನೊಂದು ಸಲ ಹೋಗಲಿ ಅವನು. ಶಂಖ ಊದಿದರೆ ಸರಿ. ಇಲ್ಲದಿದ್ರೆ ನೀನು ಸ್ವಲ್ಪ ಕಾಲ ಬೆಟ್ಟದಲ್ಲಿರು."

ಮೆಲ್ಕಿಯಾಸ್ ಶುಕ್ರವಾರ ಹೋದ. ಕೆಸಿಯಾ ಕೇದಗೆ ಪೊದೆಯ ಹಿಂದೆ ಕುಳಿತು, ಅವನು ಬರಿಗೈಯಲ್ಲಿ ಬಾರದಿರಲಿ ದೇವರೇ ಎಂದು ಬೇಡಿಕೊಂಡಳು. ಬಿಸಿಲು ಇಳಿಯುವಾಗ ದೋಣಿ ಬಂತು. ಶಂಖ ಊದಲಿಲ್ಲ. ದೋಣಿಯನ್ನು ಮರಳಿಗೆ ಎಳೆದವನು ಗಂಡಸರ ಮನೆಗೆ ಹೋಗದೆ, ವ್ರತ ಮುರಿದು, ನೆಟ್ಟಗೆ ಅವಳ ಅಡುಗೆ ಗುಡಿಸಲಿಗೆ ಬಂದು ಬಾಗಿಲಲ್ಲಿ ನಿಂತ.

"ಬಂದಿದ್ದಳು," ಅಂದ.

"ಯಾರು?"

"ಅವಳು. ದೊಡ್ಡವಳು. ಕಂಡಿಯ ಹತ್ತಿರವೇ. ದೋಣಿಗೆ ಮೈ ಉಜ್ಜಿದಳು. ಬೆನ್ನು ಸವರಿದೆ. ಹೊಟ್ಟೆ ತುಂಬ ಮರಿ. ಕುಣಿಕೆ ಕೈಲಿತ್ತು ಕೆಸಿಯಾ. ಉಳಿದವರು ಎಲ್ಲಿ ತಾಯಿ ಅಂತ ಕೇಳಿದೆ. ಆಮೇಲೆ... ಹಾಕೋಕೆ ಆಗಲಿಲ್ಲ."

ಕೆಸಿಯಾ ಸೌಟು ಕೆಳಗಿಟ್ಟಳು. "ಅವಳ ಹೊಟ್ಟೆ ಕಂಡಿತು ನಿಮಗೆ. ನನ್ನ ಹೆಸರು ಕಾಣಲಿಲ್ಲ."

"ಈಗಲೇ ಹೋಗಿ ಅಜ್ಜನಿಗೆ ಹೇಳ್ತೀನಿ. ಶಾರ್ಕ್ ಬಂದಿತ್ತು, ನನ್ನ ಹೆಂಡತಿ ತಪ್ಪಿಲ್ಲ ಅಂತ."

"ಹೇಳಿ. ನಿಮ್ಮ ಮಾತು ಮುಗಿಯೋದರೊಳಗೆ ಬೆನ್ಸನ್ನನ ಗಾಳ ಕಂಡಿಯಲ್ಲಿರುತ್ತೆ."

ಒಲೆಯ ಮೇಲೆ ಕೆಸುವಿನ ಗಡ್ಡೆ ಕುದಿಯುತ್ತಿತ್ತು. ಎಷ್ಟೋ ದಿನದಿಂದ ಅವಳು ಹಂಬಲಿಸಿದ್ದ ಮುಖ ಬಾಗಿಲಲ್ಲೇ ಇತ್ತು, ಒಳಗೆ ಬನ್ನಿ ಎನ್ನಲು ಬಾಯಿ ಬರಲಿಲ್ಲ. "ಹೋಗಿ," ಅಂದಳು. "ಯಾರಾದರೂ ನೋಡಿಯಾರು."

ಭಾನುವಾರ ಚರ್ಚಿನ ಅಂಗಳದಲ್ಲಿ ಅಜ್ಜ ಕೇಳುತ್ತಾನೆ, ತಾನು ಉತ್ತರ ಹೇಳಬೇಕು. ತಪ್ಪಿಲ್ಲ ಎಂದರೆ ಊರು ಬೇರೆ ತಪ್ಪಿತಸ್ಥರನ್ನು ಹುಡುಕುತ್ತದೆ, ಕಂಡಿಯ ಹತ್ತಿರ ದೋಣಿಗಳು ಓಡಾಡುತ್ತವೆ, ಮರಿ ಹೊತ್ತವಳು ಕಣ್ಣಿಗೆ ಬೀಳುತ್ತಾಳೆ. ತಪ್ಪಿದೆ ಎನ್ನೋಣವೆಂದರೆ ದೇವರ ಅಂಗಳದಲ್ಲಿ ಸುಳ್ಳು ಆಡಿದಂತೆ. ಕೆಸಿಯಾ ಶನಿವಾರವೆಲ್ಲ ಪ್ರಾರ್ಥಿಸಿದಳು. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು, ಚಿಪ್ಪು ಆಯಲು ಹೋಗುವವಳ ಹಾಗೆ ಹವಳದ ದಿಬ್ಬದ ಮೇಲೆ ನಡೆದಳು. ಹೆಂಗಸರು ನಿಲ್ಲುವ ಎಲ್ಲೆ ದಾಟಿದಳು. ಕಂಡಿಯ ಅಂಚಿನಲ್ಲಿ ನೀಲಿ ನೀರು ಒಮ್ಮೆಗೇ ಕಪ್ಪಾಗಿ ಕೆಳಗಿಳಿದಿತ್ತು. ಬುಟ್ಟಿ ಇಟ್ಟು ಇಳಿದಳು.

ಮೊಣಕಾಲು ಮುಳುಗಿತು, ಸೊಂಟ ಮುಳುಗಿತು, ಎದೆ ಮುಳುಗಿತು. ಹವಳದ ಮೊನಚನ್ನು ಹಿಡಿದ ಬೆರಳು ಬೆಳ್ಳಗಾದವು. ಕಾಲಡಿ ಏನೂ ಇರಲಿಲ್ಲ. ಆ ಕತ್ತಲೊಳಗೆ ಎಲ್ಲೋ ಅವಳಿದ್ದಾಳೆ, ಹೊಟ್ಟೆ ಹೊತ್ತುಕೊಂಡು. ಕೆಸಿಯಾಳ ಭಯ ಹೋಗಲಿಲ್ಲ. ಒದ್ದಾಡದೆ ನಿಂತಳು, ಅಷ್ಟೆ. "ನಾನೂ ಒಬ್ಬಳೇ ಕಣವ್ವ," ಅಂದಳು ನೀರಿಗೆ. ಯಾರೂ ಬರಲಿಲ್ಲ. ನೀರು ಏರುತ್ತಾ ಬಂದು ಅವಳನ್ನು ದಿಬ್ಬದ ಕಡೆಗೆ ಮೆಲ್ಲಗೆ ದೂಡಿತು.

ಭಾನುವಾರ ಆರಾಧನೆ ಮುಗಿದು ಜನ ಅಂಗಳದಲ್ಲಿ ಕೂತರು. ಅಜ್ಜ ಕೇಳಿದ. ಅವಳು ಎದ್ದು ನಿಂತಳು.

"ಕರೆಯೋ ಜಾಗದ ನೀರಿಗೆ ನಾನು ಇಳಿದಿದ್ದೇನೆ. ಕತ್ತಿನ ತನಕ."

"ನೋಡಿದ್ರಾ!" ಎಂದಳು ದೊರ್ಕಾಸ್. "ಮಡಕೆ ನೀರು ತುಳುಕಿದರೆ ಹೌಹಾರೋಳು! ಯಾವಾಗ ಇಳಿದೆಯೇ, ಯಾಕೆ?"

ಕೆಸಿಯಾಳ ಅಂಗೈಯಲ್ಲಿ ಹವಳ ಕೊಯ್ದ ಹಸಿ ಗೀರುಗಳಿದ್ದವು; ಅಜ್ಜ ಅವನ್ನು ನೋಡಿ ಮತ್ತೆ ಕೇಳಲಿಲ್ಲ. ಹೆಣ್ಣು ಇಳಿದ ಕಂಡಿ ಮೈಲಿಗೆಯಾಯಿತು. ಇನ್ನು ಅಲ್ಲಿ ನಿಷೇಧದ ಕಂಬ ನೆಡಬೇಕು, ಗರಿ ಕಟ್ಟಬೇಕು. ಆ ಕಂಬ ತಾನಾಗಿ ಕೊಳೆತು ಬೀಳುವ ತನಕ ಕಂಡಿಯ ಹತ್ತಿರ ಯಾರೂ ಸುಳಿಯುವಂತಿಲ್ಲ, ಗಿಲಕಿಯಿಲ್ಲ, ಬಲೆಯಿಲ್ಲ.

"ಗಾಳನೂ ಇಲ್ವಾ ಅಜ್ಜ?" ಬೆನ್ಸನ್ ಕೇಳಿದ.

"ಸಾಯೋಕೆ ಆಸೆಯಿದ್ರೆ ಹಾಕು ಹೋಗು," ಅಂದ ಅಜ್ಜ. ಬೆನ್ಸನ್ ತಲೆ ತಗ್ಗಿಸಿದ. "ಕಂಬ ಬೀಳೋ ತನಕ ಕೆಸಿಯಾನೂ ಬೆಟ್ಟದಲ್ಲೇ ಇರಲಿ. ಬಿದ್ದ ದಿನ ಕರೆಸೋಣ. ಮೆಲ್ಕಿಯಾಸ್, ಕಂಬ ನಿನ್ನ ಮನೆಯದು. ಕಡಿದು ತಾ."

ಹಾಗೆ ನೆಡುವುದು ಹಲಸಿನ ಜಾತಿಯ ಮೆದು ಮರವನ್ನೇ. ಒಂದು ಮಳೆಗಾಲ ಉಪ್ಪುನೀರಲ್ಲಿ ನಿಂತರೆ ಬುಡ ಕೊಳೆತು ಹತ್ತಿಯಾಗುತ್ತದೆ. ಒಂದು ಮಳೆಗಾಲ ತಾನೇ ಎಂದು ಕೆಸಿಯಾ ಬಟ್ಟೆಗಂಟು ಕಟ್ಟಿಕೊಂಡು ದಾರಿಯಲ್ಲಿ ನಿಂತಿದ್ದಳು.

ಮೆಲ್ಕಿಯಾಸ್ ಕಾಡಿನಿಂದ ಬಹಳ ತಡವಾಗಿ ಬಂದ. ಹೆಗಲ ಮೇಲಿನ ಭಾರಕ್ಕೆ ನಡು ಬಗ್ಗಿತ್ತು. ಕೊಡಲಿಯ ಬಾಯಿ ಮೊಂಡಾಗಿತ್ತು. ತಂದದ್ದು ಕ್ವಿಲಾ, ಉಪ್ಪುನೀರಿಗೂ ಕೊಳೆಯದ, ಕಬ್ಬಿಣದಂಥ ಕೆಂಪು ಮರ. ಅಜ್ಜಂದಿರು ನೆಟ್ಟ ಕ್ವಿಲಾ ಕಂಬಗಳನ್ನು ಮೊಮ್ಮಕ್ಕಳು ಮನೆಗೆ ಆಧಾರ ಮಾಡಿಕೊಳ್ಳುತ್ತಾರೆ.

ಅವಳ ಎದುರಿಗೆ ಬಂದಾಗ ಅವನು ನಿಂತ. ಅವಳು ಮರ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಗಂಟನ್ನು ತಲೆಗೇರಿಸಿಕೊಂಡು, ಅವನು ಹೊತ್ತದ್ದು ಸಲೀಸಾಗಿ ಹಾದುಹೋಗಲೆಂದು ದಾರಿಯ ಅಂಚಿಗೆ ಸರಿದು ನಿಂತಳು.